ಪೋಕರ್ ಆಟದಲ್ಲಿ ಸ್ಥಾನದ ಬೆಲೆ

ಪೋಕರ್ ಬರಿಯ ಅದೃಷ್ಟದಾಟವೇ? 2013ರಲ್ಲಿ ಈ ವಿಷಯವು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿದ್ದಿತು. ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂದು ನ್ಯಾಯಾಲಯ ತಿಳಿಸಿತು. ಆ ಕೌಶಲದ ಒಂದಂಶವನ್ನು ನಾವು ಲೆಕ್ಕ ಹಾಕಿ ನೋಡೋಣ.

ಮೇಜಿನ ಸುತ್ತ ಒಂಬತ್ತು ಮಂದಿ. ಒಬ್ಬೊಬ್ಬರಿಗೂ ಎರಡೆರಡು ಎಲೆ. ಮೊದಲು ಆಡಬೇಕಾದವನು ಪಣವನ್ನು ಏರಿಸಿದನೆನ್ನಿ. ಅವನ ಅನಂತರ ನಿರ್ಧರಿಸುವವರು ಎಂಟು ಜನ. ಹತ್ತು ಸಲಕ್ಕೊಮ್ಮೆ ಮಾತ್ರ ಬರುವಂಥ ಬಲವಾದ ಎಲೆಗಳು ಒಬ್ಬನಲ್ಲಿ ಇಲ್ಲದಿರುವ ಸಂಭಾವ್ಯತೆ 0.9. ಎಂಟು ಮಂದಿಯಲ್ಲಿ ಯಾರಲ್ಲಿಯೂ ಇಲ್ಲದಿರಬೇಕಾದರೆ ಎಂಟು 0.9ಗಳ ಗುಣಲಬ್ಧವಾದ 0.43. ಎಂದರೆ, ನೂರರಲ್ಲಿ 57 ಸಲ ಒಬ್ಬನಾದರೂ ಬಲಶಾಲಿ ಹಿಂದೆ ಕಾದಿರುತ್ತಾನೆ! ಹಂಚುವವನ ಸ್ಥಾನದಲ್ಲಿರುವವನಿಗಾದರೋ, ಮುಂಚಿನವರೆಲ್ಲ ಎಲೆ ಕೆಳಗಿಟ್ಟಿದ್ದರೆ, ಉಳಿದವರು ಇಬ್ಬರೇ. ಅಪಾಯ ನೂರಕ್ಕೆ 19. (ಎಲೆಗಳೆಲ್ಲ ಒಂದೇ ಕಟ್ಟಿನವಾದುದರಿಂದ ಈ ಲೆಕ್ಕ ಸ್ಥೂಲವಾದದ್ದು.) ಮುಂದಿನ ಸುತ್ತುಗಳಲ್ಲಿಯೂ ಅವನೇ ಕಡೆಯವನು, ಇತರರ ನಡೆಯನ್ನು ಕಂಡೇ ತನ್ನದನ್ನು ನಿಶ್ಚಯಿಸುತ್ತಾನೆ. ಆದುದರಿಂದ ಮೊದಲ ಸ್ಥಾನದಲ್ಲಿ ಬಿಡತಕ್ಕ ಎಲೆಗಳಿಂದಲೇ ಇಲ್ಲಿ ಪಣವನ್ನೇರಿಸಬಹುದು.

ಹಂಚುವ ಸರದಿ ಸುತ್ತುತ್ತಿರುವುದರಿಂದ ಒಳ್ಳೆಯ ಸ್ಥಾನವು ಎಲ್ಲರಿಗೂ ಸಮನಾಗಿಯೇ ಬರುತ್ತದೆ. ಅದಕ್ಕೆ ತಕ್ಕಂತೆ ಆಟವನ್ನು ಬದಲಿಸುವವರು ಮಾತ್ರ ಕೆಲವರು. ಆ ವ್ಯತ್ಯಾಸವೂ ಒಂದು ಸಂಜೆಯಲ್ಲಿ ಕಾಣದು, ಸಾವಿರಾರು ಹಂಚಿಕೆಗಳು ಬೇಕು. ಪರೀಕ್ಷಿಸುವ ಕುತೂಹಲವುಳ್ಳ ವಿದ್ಯಾರ್ಥಿಗಳಿಗೆ ಪಣವಾಗಿ ಹುಣಿಸೆಬೀಜಗಳೇ ಸಾಕು.