ಕೋಳಿಮರಿಗಳ ಪಾಲನೆ: ಮೊದಲ ಏಳು ದಿನಗಳು



ಕಾಫಿ, ಅಡಿಕೆಯ ಹಣ ವರ್ಷಕ್ಕೊಮ್ಮೆ ಕೈಸೇರಿದರೆ, ಮೊಟ್ಟೆಯ ಕಾಸು ವಾರವಾರದ ಸಂತೆಗೆ ಒದಗುತ್ತದೆ. ಆದ್ದರಿಂದಲೇ ನಮ್ಮಲ್ಲಿ ಅನೇಕರು ಹಿತ್ತಲಿನಲ್ಲಿ ಇಪ್ಪತ್ತೋ ಐವತ್ತೋ ಕೋಳಿ ಸಾಕುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲ ಸಾಕಣೆಗೆ ಚೆನ್ನಾಗಿ ಒಗ್ಗಿವೆ. ಆದರೆ ತಂದ ಮರಿಗಳು ಮೊದಲ ವಾರದಲ್ಲೇ ಸಾಯತೊಡಗಿದರೆ "ರೋಗ ಬಡಿಯಿತು" ಎಂದು ಕೈಚೆಲ್ಲುತ್ತೇವೆ. ಅನೇಕ ವೇಳೆ ಅದು ರೋಗವಲ್ಲ. ಚಳಿ, ಒದ್ದೆ ಮತ್ತು ನೀರಡಿಕೆ. ಇವು ಮೂರನ್ನೂ ನಾವೇ ತಡೆಯಬಹುದು.

ಕಾವು ಏಕೆ ಬೇಕು?

ಆಗತಾನೆ ಹುಟ್ಟಿದ ಮರಿಗೆ ಮೈಬಿಸಿ ಉಳಿಸಿಕೊಳ್ಳುವ ಶಕ್ತಿಯಿಲ್ಲ. ತಾಯಿಕೋಳಿ ಇದ್ದರೆ ರೆಕ್ಕೆಯಡಿ ಕಾವು ಕೊಡುತ್ತದೆ. ಕೊಂಡುತಂದ ಮರಿಗೆ ಆ ಕಾವನ್ನು ನಾವು ಒದಗಿಸಬೇಕು. ಪಿರಿಯಾಪಟ್ಟಣದ ಪಡುವಣ ಭಾಗದಲ್ಲಿ, ಕೊಡಗಿನ ಗಡಿಗೆ ಹತ್ತಿರವಿರುವ ಊರುಗಳಲ್ಲಿ, ಮುಂಗಾರಿನ ಶೀತಗಾಳಿಗೆ ಮರಿಗಳು ಬೇಗ ತುತ್ತಾಗುತ್ತವೆ.

ಮರಿ ಬರುವ ಮೊದಲೇ ಸಿದ್ಧತೆ

ಮರಿ ತಂದ ಮೇಲೆ ಗೂಡು ಕಟ್ಟುವುದು ಸಲ್ಲದು. ಹಿಂದಿನ ದಿನವೇ ಕೋಣೆಗೆ ಸುಣ್ಣ ಬಳಿದು ಒಣಗಿಸಿ, 2 ಅಂಗುಲ ದಪ್ಪಕ್ಕೆ ಒಣ ಭತ್ತದ ಹೊಟ್ಟು ಹರಡಿ, ಮೇಲೆ ಹಳೆಯ ಪತ್ರಿಕೆ ಹಾಸಿರಿ. 50 ಮರಿಗಳಿಗೆ ತಗಡು ಅಥವಾ ರಟ್ಟಿನಿಂದ ಸುಮಾರು 5 ಅಡಿ ಅಗಲದ, ಒಂದೂವರೆ ಅಡಿ ಎತ್ತರದ ದುಂಡು ತಡೆ ಸಾಕು. ಮೂಲೆಯಿದ್ದರೆ ಮರಿಗಳು ಅಲ್ಲಿ ಒತ್ತರಿಸಿಕೊಂಡು ಉಸಿರುಗಟ್ಟಿ ಸಾಯುತ್ತವೆ. ಕೀಟನಾಶಕ, ಮೈಲುತುತ್ತ, ಸಿಂಪಡಿಸುವ ಪಂಪು ಇಡುವ ಕೋಣೆ ಬೇಡವೇ ಬೇಡ. ಇಲಿ, ಬೆಕ್ಕು, ಮುಂಗುಸಿ, ಇರುವೆ ಬಾರದಂತೆ ನೋಡಿಕೊಳ್ಳಿರಿ.

60 ವಾಟಿನ ಎರಡು ಹಳೆಯ ಮಾದರಿಯ ಬಲ್ಬುಗಳನ್ನು ತೂಗುಹಾಕಿರಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಕಾವು ಕೊಡುವುದಿಲ್ಲ. ಮೊದಲ ವಾರ ಮರಿಗಳ ಮಟ್ಟದಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರಬೇಕು. ನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸಿರಿ. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿರಿ. ಬಲ್ಬಿನಡಿ ಗುಂಪುಗೂಡಿ ಚೀರಿದರೆ ಚಳಿ. ದೂರ ಸರಿದು ಬಾಯಿ ತೆರೆದರೆ ಸೆಕೆ. ಎಲ್ಲೆಡೆ ಹರಡಿ ಮೇಯುತ್ತಿದ್ದರೆ ಹದ ಸರಿಯಾಗಿದೆ.

ಮಳೆಗಾಲದ ರಾತ್ರಿ ಕರೆಂಟು ಹೋಗುವುದನ್ನು ಮೊದಲೇ ಎಣಿಸಿ, ಹೊಗೆಯಾಡದ ಇದ್ದಿಲ ಕೆಂಡವನ್ನು ಮಡಕೆಯಲ್ಲಿ ತುಂಬಿ, ಸುತ್ತ ಜಾಲರಿ ಕಟ್ಟಿ ಇಡಿರಿ. ಆಗ ಗಾಳಿಯಾಡಲು ಮೇಲಿನ ಕಿಟಕಿ ತೆರೆದಿರಲೇಬೇಕು.

ನೀರು ಮತ್ತು ಆಹಾರ

ಮರಿ ಬಂದೊಡನೆ ಮೊದಲು ನೀರು, ಆಮೇಲೆ ಆಹಾರ. ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಬೆಲ್ಲ ಬೆರೆಸಿ, ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ಅದ್ದಿ ಬಿಡಿರಿ. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಮೊದಲ ದಿನ ಮುಸುಕಿನ ಜೋಳದ ಸಣ್ಣ ನುಚ್ಚನ್ನು ಪತ್ರಿಕೆಯ ಮೇಲೆ ಚೆಲ್ಲಿ, ಮರುದಿನದಿಂದ ಮರಿಗಳ ಸಿದ್ಧ ಆಹಾರ ಕೊಡಿರಿ. ಬರೀ ನುಚ್ಚಿನಲ್ಲಿ ಬೆಳವಣಿಗೆಗೆ ಬೇಕಾದಷ್ಟು ಸಸಾರಜನಕ ಇಲ್ಲ.

ಆರೋಗ್ಯ

ಹಿಂಭಾಗಕ್ಕೆ ಹಿಕ್ಕೆ ಅಂಟಿದ್ದರೆ ಬೆಚ್ಚನೆಯ ನೀರಿನ ಹತ್ತಿಯಿಂದ ಮೆದುವಾಗಿ ಒರೆಸಿರಿ. ಒದ್ದೆಯಾದ ಹೊಟ್ಟನ್ನು ಅಂದೇ ತೆಗೆಯತಕ್ಕದ್ದು. 3ನೇ ವಾರದ ನಂತರ ಕಾಣುವ ರಕ್ತಭೇದಿಗೆ ಅದೇ ತವರು. ಹಿಕ್ಕೆಯಲ್ಲಿ ರಕ್ತ ಕಂಡರೆ ತಡಮಾಡದೆ ಪಶುವೈದ್ಯರನ್ನು ಕಾಣಿರಿ.

ಕೊಕ್ಕರೆ ರೋಗಕ್ಕೆ ಮಾತ್ರ ಮದ್ದಿಲ್ಲ, ಲಸಿಕೆಯೊಂದೇ ದಾರಿ. 5ರಿಂದ 7ನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಿಸಬೇಕು. 14ನೇ ದಿನ ಗುಂಬೋರೊ ಲಸಿಕೆ, 28ನೇ ದಿನ ಮತ್ತೊಮ್ಮೆ ಕೊಕ್ಕರೆ ರೋಗದ ಹನಿ, 8 ವಾರಕ್ಕೆ ಅದರದೇ ಚುಚ್ಚುಮದ್ದು.

ಒಂದು ಸೀಸೆ ಲಸಿಕೆ ನೂರಾರು ಮರಿಗಳಿಗೆ ಆಗುತ್ತದೆ. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸದಿದ್ದರೆ ಅದು ವ್ಯರ್ಥ. ಇಪ್ಪತ್ತು ಮರಿಯವರು ಒಬ್ಬೊಬ್ಬರೇ ಕೊಂಡರೆ ದುಬಾರಿಯೆಂದು ಬಿಟ್ಟುಬಿಡುತ್ತಾರೆ. ಬಿಟ್ಟವರ ಮನೆಯಿಂದ ರೋಗ ಊರಿಗೆಲ್ಲಾ ಹಬ್ಬುತ್ತದೆ. ಆದ್ದರಿಂದ ಒಂದು ಬೀದಿಯವರು ಒಂದೇ ದಿನ ಮರಿ ತಂದು, ಒಂದೇ ದಿನ ಲಸಿಕೆ ಹಾಕಿಸಿರಿ. ಮರಿಗೆ ಮುಂಗಡ ಕೊಡುವ ದಿನವೇ ನೆರೆಹೊರೆಯವರನ್ನು ಕೇಳಿ ಲಸಿಕೆಯ ದಿನವನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.