ಗಣಕಭಾಷೆಗೆ ಒಂದು ಹೊಸ ಚಿಹ್ನೆ

ನಾವಾಡುವ ಭಾಷೆಗೆ ಹೊಸ ಶಬ್ದವೊಂದು ಸೇರಬೇಕಾದರೆ ಯಾರ ಅಪ್ಪಣೆಯೂ ಬೇಕಿಲ್ಲ. ಬಸ್ಸು, ರೈಲು ಎಂಬ ಮಾತುಗಳು ಕನ್ನಡಕ್ಕೆ ಬಂದಾಗ ಯಾವ ಸಭೆಯೂ ಕೂಡಿ ನಿರ್ಣಯ ಮಾಡಲಿಲ್ಲ. ಜನ ಆಡಿದರು, ಮಾತು ಉಳಿಯಿತು. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆಗಳ ಸ್ಥಿತಿ ಹಾಗಲ್ಲ. ವ್ಯಾಕರಣದಲ್ಲಿಲ್ಲದ ಚಿಹ್ನೆಯೊಂದು ಎದುರಾದರೆ ಯಂತ್ರವು ಊಹಿಸಿ ಮುಂದುವರಿಯಲಾರದು, ಅಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ಇಂಥ ಭಾಷೆಗೆ ಏನನ್ನಾದರೂ ಸೇರಿಸಬೇಕಾದರೆ ಒಬ್ಬರು ಸೂಚಿಸಬೇಕು, ಹಲವರು ಚರ್ಚಿಸಬೇಕು, ಕೊನೆಗೆ ಯಾರಾದರೂ ತೀರ್ಮಾನಿಸಬೇಕು. ಉಪಯುಕ್ತವೆಂದು ತೋರುವ ಸೂಚನೆಗೂ ಬಲವಾದ ವಿರೋಧ ಬರುವುದೇಕೆ? ಪೈಥಾನ್ ಭಾಷೆಯ ಒಂದು ಪ್ರಸಂಗದಿಂದ ಇದನ್ನು ತಿಳಿಯಲು ಯತ್ನಿಸೋಣ.

ಪೈಥಾನನ್ನು ರಚಿಸಿದವರು ಹಾಲೆಂಡಿನ ಗೀಡೊ ವಾನ್ ರಾಸಮ್. ಅದು 1991ರಲ್ಲಿ ಮೊದಲು ಪ್ರಕಟವಾಯಿತು. 2000ದಿಂದೀಚೆಗೆ ಆ ಭಾಷೆಯಲ್ಲಿ ಮುಖ್ಯವಾದ ಬದಲಾವಣೆ ಬಯಸುವವರು 'ಪೆಪ್' ಎಂಬ ಹೆಸರಿನ ಲಿಖಿತ ಸೂಚನೆಯೊಂದನ್ನು ಸಲ್ಲಿಸಬೇಕು. ಬದಲಾವಣೆ ಏಕೆ ಬೇಕು, ಅದರ ನಿಯಮಗಳೇನು, ಹಳೆಯ ಕ್ರಮವಿಧಿಗಳು (ಪ್ರೋಗ್ರಾಂಗಳು) ಅದರಿಂದ ಕೆಡುವುವೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಪರಿಶೀಲಿಸಿ ಕೈಬಿಟ್ಟ ಬೇರೆ ಮಾರ್ಗಗಳನ್ನೂ ಕಾರಣಸಹಿತವಾಗಿ ದಾಖಲಿಸುವುದು ಪದ್ಧತಿ. ನಮ್ಮ ದೃಷ್ಟಿಯಲ್ಲಿ ಇದೇ ಅದರ ಅತ್ಯಂತ ಬೆಲೆಯುಳ್ಳ ಭಾಗ.

ಈಗ ಪ್ರಸಂಗಕ್ಕೆ ಬರೋಣ. ಒಂದು ಹೆಸರಿಗೆ ಬೆಲೆಯೊಂದನ್ನು ಕೊಡಲು ಪೈಥಾನಿನಲ್ಲಿ = ಎಂದು ಬರೆಯುತ್ತಾರೆ; ಎರಡು ಬೆಲೆಗಳು ಸಮವೇ ಎಂದು ಕೇಳಲು == ಎಂದು ಬರೆಯುತ್ತಾರೆ. ಸಿ ಭಾಷೆಯಲ್ಲಿಯೂ ಹೀಗೆಯೇ. ಆದರೆ ಸಿ ಭಾಷೆಯಲ್ಲಿ 'ವೇಗವು ಸೊನ್ನೆಯೇ?' ಎಂದು ಕೇಳಹೊರಟವನು ಕೈತಪ್ಪಿ ಒಂದೇ ಗೆರೆಜೋಡಿಯನ್ನು ಬರೆದರೆ, ಯಂತ್ರವು ವೇಗವನ್ನೇ ಸೊನ್ನೆ ಮಾಡಿ ಮುಂದೆ ಸಾಗುತ್ತದೆ! ಈ ಕುಖ್ಯಾತ ದೋಷವನ್ನು ತಪ್ಪಿಸಲೆಂದು, ಪ್ರಶ್ನೆಯ ಒಳಗೆ ಬೆಲೆ ಕೊಡುವುದನ್ನು ಪೈಥಾನ್ ನಿಷೇಧಿಸಿತು.

ನಿಷೇಧಕ್ಕೂ ಬೆಲೆ ತೆರಬೇಕಾಯಿತು. ದೊಡ್ಡ ಕಡತವೊಂದನ್ನು ತುಂಡುತುಂಡಾಗಿ ಓದಬೇಕೆಂದು ಭಾವಿಸಿ. 'ಒಂದು ತುಂಡನ್ನು ಓದು. ತುಂಡು ಬರಿದಾಗಿಲ್ಲದಿರುವವರೆಗೆ ಅದನ್ನು ಸಂಸ್ಕರಿಸು, ಇನ್ನೊಂದು ತುಂಡನ್ನು ಓದು' ಎಂದು ಬರೆಯಬೇಕಾಗುತ್ತದೆ. 'ಓದು' ಎಂಬ ಆಜ್ಞೆ ಎರಡು ಕಡೆ ಬಂದಿತು. ಮುಂದೊಂದು ದಿನ ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ತೊಂದರೆ ತಪ್ಪದು. ಓದುವುದು, ಹೆಸರಿಡುವುದು, ಪರೀಕ್ಷಿಸುವುದು ಮೂರನ್ನೂ ಒಂದೇ ಉಕ್ತಿಯಲ್ಲಿ ಮಾಡುವಂತಿದ್ದರೆ ಈ ಪುನರುಕ್ತಿ ಇರುವುದಿಲ್ಲ. ಅದಕ್ಕಾಗಿ 2018ರ ಫೆಬ್ರವರಿಯಲ್ಲಿ ಕ್ರಿಸ್ ಆ್ಯಂಜಲಿಕೊ 572ನೆಯ ಸೂಚನೆಯನ್ನು ಆರಂಭಿಸಿದರು. ಟಿಮ್ ಪೀಟರ್ಸ್ ಮತ್ತು ಸ್ವತಃ ವಾನ್ ರಾಸಮ್ ಅದರ ಸಹಲೇಖಕರಾದರು. ಒಪ್ಪಿಗೆ ಕೇಳಿದ ಚಿಹ್ನೆ := ಎಂಬುದು. ತಲೆಯನ್ನು ಓರೆಮಾಡಿ ನೋಡಿದರೆ ಎರಡು ಕಣ್ಣು, ಎರಡು ಕೋರೆದಾಡೆ ಕಾಣುವುದರಿಂದ ಇದಕ್ಕೆ ವಾಲ್ರಸ್ ಎಂಬ ಕಡಲಪ್ರಾಣಿಯ ಹೆಸರು ಬಿದ್ದಿತು.

ವಿರೋಧ ಬಹಳ ಬಂದಿತು. ಒಂದು ಕೆಲಸಕ್ಕೆ ಎರಡು ಚಿಹ್ನೆಗಳೇಕೆ, ಹೊಸದಾಗಿ ಕಲಿಯುವವರಿಗೆ ಯಾವುದನ್ನು ಯಾವಾಗ ಬಳಸಬೇಕೆಂದು ಹೇಗೆ ಕಲಿಸುವುದು, ಒಂದೇ ಸಾಲಿನಲ್ಲಿ ಹಲವು ಕೆಲಸಗಳನ್ನು ತುರುಕುವ ಚಟ ಹತ್ತುವುದಿಲ್ಲವೇ ಎಂದು ಜನ ಕೇಳಿದರು. ಈ ಆಕ್ಷೇಪಗಳನ್ನು ಸಂಪ್ರದಾಯಪ್ರಿಯರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಕ್ರಮವಿಧಿಯನ್ನು ಬರೆಯುವುದು ಒಮ್ಮೆ, ಓದುವುದು ಹಲವು ಬಾರಿ. ಹೊಸ ಚಿಹ್ನೆಯನ್ನು ತಾನು ಎಂದೂ ಬಳಸದವನೂ ಇತರರ ಬರಹದಲ್ಲಿ ಅದನ್ನು ಓದಲೇಬೇಕು. ಲಾಭ ಬರೆದವನಿಗೆ, ಹೊರೆ ಎಲ್ಲರಿಗೆ.

ಇಂಥ ವಾದದಲ್ಲಿ ಕಲ್ಪಿತ ಉದಾಹರಣೆಗಳಿಂದ ಏನನ್ನು ಬೇಕಾದರೂ ಸಾಧಿಸಬಹುದು. ಆದುದರಿಂದ ಸೂಚಕರು ನಿಜವಾದ ಕ್ರಮವಿಧಿಗಳನ್ನೇ ಪರೀಕ್ಷಿಸಿದರು. ವಾನ್ ರಾಸಮ್ ಅವರು ಡ್ರಾಪ್‌ಬಾಕ್ಸ್ ಸಂಸ್ಥೆಯ ಬರಹಗಳನ್ನು ಹುಡುಕಿದಾಗ ವಿಚಿತ್ರವಾದ ಸಂಗತಿಯೊಂದು ಕಂಡಿತು: ಒಂದು ಸಾಲನ್ನು ಉಳಿಸುವುದಕ್ಕಾಗಿ, ವೇಗ ಕುಗ್ಗಿದರೂ ಸರಿಯೆಂದು, ಬರೆಯುವವರು ಒಂದೇ ಲೆಕ್ಕವನ್ನು ಎರಡು ಸಲ ಮಾಡಿಸುತ್ತಿದ್ದರು. ಕೊರತೆ ನಿಜವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಚಿಹ್ನೆಯ ಬದಲು, ಭಾಷೆಯಲ್ಲಿ ಮೊದಲೇ ಇದ್ದ 'ಆ್ಯಸ್' ಎಂಬ ಪದವನ್ನು ಬಳಸಬಹುದಲ್ಲವೇ ಎಂಬ ಮಾತೂ ಇತ್ತು. ಆದರೆ ಆ ಪದಕ್ಕೆ ಬೇರೆ ಕಡೆಗಳಲ್ಲಿ ಬೇರೆ ಕೆಲಸ ಒಪ್ಪಿಸಿಯಾಗಿತ್ತು, ಗೊಂದಲ ಖಂಡಿತ. ಹೊಸ ಪದವನ್ನೇ ಕಾದಿರಿಸಿದರೆ ಏನಾಗುವುದೆಂಬುದಕ್ಕೆ ನಿದರ್ಶನ ಅದೇ ವರ್ಷ ದೊರೆಯಿತು. 'ಅಸಿಂಕ್' ಎಂಬುದು 2018ರ ಜೂನಿನ 3.7ನೆಯ ಆವೃತ್ತಿಯಲ್ಲಿ ಪೂರ್ಣವಾಗಿ ಕಾದಿರಿಸಿದ ಪದವಾಯಿತು. ಅದನ್ನು ಸಾಮಾನ್ಯ ಹೆಸರಾಗಿ ಬಳಸಿದ್ದ ಹಳೆಯ ಕ್ರಮವಿಧಿಗಳನ್ನು ತಿದ್ದಬೇಕಾಯಿತು. := ಚಿಹ್ನೆಯಾದರೋ ಆವರೆಗೆ ಪೈಥಾನಿನಲ್ಲಿ ವ್ಯಾಕರಣದೋಷವಾಗಿತ್ತು. ಹಾಗಾಗಿ ಅದರಿಂದ ಕೆಡುವ ಹಳೆಯ ಬರಹವೇ ಇರಲಿಲ್ಲ. ಸಾಧಾರಣ = ಸಾಕಾಗುವ ಕಡೆ, ಆವರಣ ಹಾಕದೆ := ಬಳಸಕೂಡದೆಂಬ ನಿಯಮವನ್ನೂ ಸೇರಿಸಿದರು.

ಮತ ಎಣಿಸಿದರೆ ಮುಗಿಯಿತಲ್ಲ ಎಂದು ವಾಚಕರು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾರೆ. 2003ರಲ್ಲಿ ಬೇರೊಂದು ಸೂಚನೆಯ ಮೇಲೆ ಮತದಾನ ನಡೆಯಿತು. ಏನಾದರೊಂದು ಬೇಕೆಂಬ ಆಸಕ್ತಿ ಇತ್ತು. ಆದರೆ ಯಾವ ರೂಪಕ್ಕೂ ಬಹುಮತ ಬರಲಿಲ್ಲ. ಸಂದೇಹವಿದ್ದಾಗ ಇದ್ದುದೇ ಇರಲಿ ಎಂಬ ತತ್ತ್ವದಂತೆ ಸೂಚನೆ ಬಿದ್ದುಹೋಯಿತು. 2005ರಲ್ಲಿ ವಾನ್ ರಾಸಮ್ ತಾವೇ ಒಂದು ರೂಪವನ್ನು ಆರಿಸಿದರು.

572ನೆಯ ಸೂಚನೆಯನ್ನೂ ಅವರೇ 2018ರ ಜುಲೈಯಲ್ಲಿ ಅಂಗೀಕರಿಸಿದರು. ಆದರೆ ಚರ್ಚೆ ಅವರನ್ನು ಬಳಲಿಸಿತ್ತು. ಒಂದು ಸೂಚನೆಗಾಗಿ ಇಷ್ಟೊಂದು ಹೋರಾಡಲು ತಮಗೆ ಇನ್ನು ಮನಸ್ಸಿಲ್ಲವೆಂದು ತಿಳಿಸಿ, ಜುಲೈ 12ರಂದು ಅವರು ಅಂತಿಮ ತೀರ್ಮಾನದ ಅಧಿಕಾರವನ್ನು ತ್ಯಜಿಸಿದರು. 2019ರಿಂದ ಆ ಅಧಿಕಾರ ಚುನಾಯಿತವಾದ ಐವರ ಮಂಡಲಿಯಲ್ಲಿದೆ. ಅದೇ ವರ್ಷದ ಅಕ್ಟೋಬರಿನ 3.8ನೆಯ ಆವೃತ್ತಿಯಲ್ಲಿ ವಾಲ್ರಸ್ ಚಿಹ್ನೆ ಬಳಕೆಗೆ ಬಂದಿತು.

ಈ ಸೂಚನಾಪತ್ರಗಳು ಯಾರು ಬೇಕಾದರೂ ಓದುವಂತೆ ಇವೆ. ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳು 572ನೆಯದನ್ನು ತೆರೆದು, ಕೈಬಿಟ್ಟ ಮಾರ್ಗಗಳಲ್ಲೊಂದನ್ನು ಆರಿಸಿಕೊಂಡು, ಅಲ್ಲಿ ಕೊಟ್ಟ ಕಾರಣವನ್ನು ಓದುವ ಮೊದಲೇ ಅದರ ದೋಷವನ್ನು ತಾವೇ ಕಂಡುಹಿಡಿಯಲು ಪ್ರಯತ್ನಿಸಬಹುದು.