ಮೂಕಿಯ ಮೇಲಿನ ಭಾರ

ಮಂಚ, ಒಲೆ, ನೀರಿನ ತೊಟ್ಟಿಗಳೆಲ್ಲ ಒಳಗೇ ಇರುವ ಟ್ರೈಲರನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಕಾಡುಬೆಟ್ಟಗಳಿಗೆ ಹೊರಡುವ ಅಮೆರಿಕದ ಕುಟುಂಬಗಳು ಟ್ರಕ್ ಕೊಳ್ಳುವಾಗ ನೋಡುವುದು ಬಹುಮಟ್ಟಿಗೆ ಜಾಹೀರಾತಿನ ಒಂದೇ ಅಂಕಿಯನ್ನು: ಅದು ಎಷ್ಟು ಭಾರ ಎಳೆಯಬಲ್ಲದು ಎಂಬುದನ್ನು. ಕೆಲವು ಬೇಸಿಗೆಗಳನ್ನು ಹೀಗೆ ಕಳೆದವರಿಗೆ ತಿಳಿದುಬರುವ ಸಂಗತಿಯೆಂದರೆ, ಎಳೆಯುವ ಶಕ್ತಿ ಇನ್ನೂ ಮಿಕ್ಕಿರುವಾಗಲೇ ಹೊರುವ ಶಕ್ತಿ ಮುಗಿದುಹೋಗಿರುತ್ತದೆ. ಪೇಲೋಡ್ ಎಂದು ಕರೆಯಲಾಗುವ ಈ ಹೊರುವ ಮಿತಿಯನ್ನು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ನಮೂದಿಸಿರುತ್ತಾರೆ. ಟ್ರಕ್ಕಿನೊಳಗೆ ಕೂರುವವರು, ಹಿಂದಿನ ತೊಟ್ಟಿಲಿಗೆ ಹೇರುವ ಸಾಮಾನು ಮತ್ತು ಟ್ರೈಲರಿನ ಮೂಕಿ ಕೊಂಡಿಯ ಮೇಲೆ ಒತ್ತುವ ಭಾರ, ಈ ಮೂರೂ ಅದರೊಳಗೇ ಅಡಗಬೇಕು.

ಚೀಟಿಯಲ್ಲಿ 700 ಕಿಲೊ ಎಂದಿದ್ದು, ಸಾಮಾನು ತುಂಬಿದ ಟ್ರೈಲರ್ 3,000 ಕಿಲೊ ತೂಗುತ್ತದೆ ಎಂದುಕೊಳ್ಳೋಣ. ಅದರ ಶೇ. 12.5ರಷ್ಟು, ಅಂದರೆ 375 ಕಿಲೊ, ಮೂಕಿಯ ಮೂಲಕ ಟ್ರಕ್ಕಿನ ಮೇಲೆ ಬೀಳುತ್ತದೆ. ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುವ ವಿಶೇಷ ಕೊಂಡಿಗೆ 40 ಕಿಲೊ, ನಾಲ್ವರು ಪ್ರಯಾಣಿಕರಿಗೆ 280 ಕಿಲೊ ಸೇರಿಸಿದರೆ ಉಳಿಯುವುದು ಐದೇ ಕಿಲೊ. ಸೌದೆ, ಸೈಕಲ್, ಐಸ್ ಪೆಟ್ಟಿಗೆಗಳಿಗೆ ಎಡೆಯೇ ಇಲ್ಲ. ಭಾರ ಹಂಚುವ ಆ ಕೊಂಡಿ ಪೇಲೋಡನ್ನೂ ಹೆಚ್ಚಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ನಿಜವಲ್ಲ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ವೇಬ್ರಿಡ್ಜಿನ ಮೇಲೆ, ಹೊರಡುವ ದಿನ ಇರುವಂತೆಯೇ ಸಾಮಾನು ತುಂಬಿಸಿ ಒಮ್ಮೆ ತೂಗಿಸುವುದು ಯಾವ ಲೆಕ್ಕಕ್ಕಿಂತಲೂ ನಂಬಲರ್ಹ.

ಹಾಗೆಂದು ಮೂಕಿಯ ಭಾರವನ್ನು ತೀರ ಇಳಿಸುವಂತೆಯೂ ಇಲ್ಲ. ಎತ್ತಿನ ಗಾಡಿಗೆ ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೇಳುವಂತೆ ಇಲ್ಲಿಯೂ ಕೊಂಡಿಯ ಮೇಲಿನ ಒತ್ತಡ ಕುಗ್ಗುತ್ತದೆ, ಅದು ಒಟ್ಟು ತೂಕದ ಶೇ. 10ಕ್ಕಿಂತ ಕಡಿಮೆಯಾದಾಗ ವೇಗದಲ್ಲಿ ಟ್ರೈಲರ್ ಎಡಬಲಕ್ಕೆ ತೂಗಾಡತೊಡಗುತ್ತದೆ. ಅಚ್ಚಿನ ಹಿಂದಿರುವ ತೊಟ್ಟಿಗೆ ನೂರೈವತ್ತು ಲೀಟರ್ ನೀರು ತುಂಬಿದರೆ ನೂರೈವತ್ತು ಕಿಲೊ ಹಿಂಬದಿಗೆ ಸೇರಿತೆಂದೇ ಅರ್ಥ. ತೂಗಾಟ ಆರಂಭವಾದಾಗ ಕಾಲು ತಾನಾಗಿ ಬ್ರೇಕಿನತ್ತ ಹೋಗುತ್ತದೆ, ಹೋಗಬಾರದು. ಆಕ್ಸಿಲರೇಟರ್ ಮೆಲ್ಲನೆ ಬಿಟ್ಟು, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕುವ ಅಭ್ಯಾಸವನ್ನು ಖಾಲಿ ಬಯಲಿನಲ್ಲಿ ಮೊದಲೇ ಮಾಡಿಕೊಂಡಿರಬೇಕು.

ಕೊಲರಾಡೊದಲ್ಲಿ 70ನೆಯ ಅಂತರರಾಜ್ಯ ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ ಸುಮಾರು 3,400 ಮೀಟರ್ ಎತ್ತರ ಮುಟ್ಟುತ್ತದೆ. ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸರಿಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತ ಅಲ್ಲಿ ಏದುಸಿರು ಬಿಡುತ್ತದೆ. ಆದರೂ ಏರಿನಲ್ಲಿ ಆಗುವುದು ಬರಿಯ ವಿಳಂಬ, ಅಪಾಯವಿರುವುದು ಇಳಿಜಾರಿನಲ್ಲಿ. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಶಿರಾಡಿ, ಚಾರ್ಮಾಡಿ ಘಾಟಿಗಳ ಹಳೆಯ ಚಾಲಕರ ಪಾಠ ಇಲ್ಲಿಗೂ ಸಲ್ಲುತ್ತದೆ: ಬ್ರೇಕನ್ನು ಒತ್ತಿಯೇ ಇಟ್ಟರೆ ಅದು ಕಾದು ಹಿಡಿತ ಬಿಡುತ್ತದೆ, ಕೆಳ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ.

ಬೀಡುಬಿಟ್ಟ ಮೇಲಿನ ಮಾತು ಹೆಚ್ಚಿಲ್ಲ. ಗಾಲಿಗಳಿಗೆ ಹಿಂದೆಮುಂದೆ ಅಡ್ಡ ಇಡದೆ ಕೊಂಡಿ ಬಿಚ್ಚಬಾರದು. ಕರಡಿಗಳಿರುವ ಯೊಸೆಮಿಟಿಯಂಥ ಕಡೆ ರಾತ್ರಿ ಆಹಾರವನ್ನು ವಾಹನದಲ್ಲಿಡದೆ ಅಲ್ಲಿನ ಉಕ್ಕಿನ ಪೆಟ್ಟಿಗೆಗಳಲ್ಲಿಡುವುದು ಕಡ್ಡಾಯ. ಟ್ರೈಲರನ್ನು ಬೀಡಿನಲ್ಲೇ ಬಿಟ್ಟು ಹಗುರವಾಗಿ ತಿರುಗಾಡುವುದೇ ಪಿಕಪ್ಪಿನ ದೊಡ್ಡ ಸುಖವಾದರೂ, ಅದಕ್ಕೂ ಅಳತೆಯ ಕಟ್ಟುಪಾಡುಗಳಿವೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯ ಮಲೆಯ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲವಾದ್ದರಿಂದ, ಹೆಚ್ಚು ಹೊರಲೆಂದೇ ಕೊಂಡ ನಾಲ್ಕು ಬಾಗಿಲಿನ ಉದ್ದ ತೊಟ್ಟಿಲ ಭಾರಿ ಟ್ರಕ್ಕು ಹಿಂದೆ ಏನೂ ಕಟ್ಟಿಕೊಳ್ಳದಿದ್ದರೂ ಅಲ್ಲಿಂದ ಹಿಂದಿರುಗಬೇಕಾಗುತ್ತದೆ.